ಅಭ್ಯಾಸವೆಂಬ ಪದದ ಎರಡು ಅರ್ಥ: ರೂಢಿಯ ವಿಜ್ಞಾನ ನಡೆದು ಬಂದ ದಾರಿ

ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಕುಡಿಯುವುದು ಅಭ್ಯಾಸ. ಸಂಜೆ ಕೂತು ವೀಣೆ ನುಡಿಸುವುದೂ ಅಭ್ಯಾಸ. ಮೊದಲನೆಯದು ಯೋಚಿಸದೆಯೇ ಆಗಿಹೋಗುತ್ತದೆ, ಎರಡನೆಯದಕ್ಕೆ ಮನಸ್ಸಿಡಬೇಕು. ಆದರೂ ಕನ್ನಡ ಎರಡಕ್ಕೂ ಒಂದೇ ಪದವನ್ನು ಇಟ್ಟುಕೊಂಡಿದೆ. ದಿನಕ್ಕಿಷ್ಟೆಂದು ಮಾಡುವ ಸಣ್ಣ ಕೆಲಸ ದೊಡ್ಡ ಗುರಿಯನ್ನು ಹೇಗೆ ಮುಟ್ಟಿಸುತ್ತದೆ ಎಂಬ ಪ್ರಶ್ನೆಯನ್ನು ಮನೋವಿಜ್ಞಾನ ಕೈಗೆತ್ತಿಕೊಂಡು ನೂರಮೂವತ್ತು ವರ್ಷಗಳ ಮೇಲಾಯಿತು. ಆ ಹುಡುಕಾಟದ ಹಾದಿಯನ್ನು ಹಿಂತಿರುಗಿ ನೋಡಿದಾಗ ನನಗೆ ಕಾಣುವುದು ಇಷ್ಟು: ವಿಜ್ಞಾನ ಈ ಎರಡು ಅರ್ಥಗಳನ್ನು ಮೊದಲು ಬೇರೆ ಮಾಡಿತು, ಒಂದನ್ನೇ ಹಿಡಿದು ಬಹುದೂರ ಹೋಯಿತು, ಈಗ ಎರಡನ್ನೂ ಮತ್ತೆ ಒಟ್ಟಿಗೆ ನೋಡಲು ಕಲಿಯುತ್ತಿದೆ.

ಹಳೆಯ ಬೇರುಗಳು

ಪ್ರಯೋಗಾಲಯಗಳು ಹುಟ್ಟುವ ಮೊದಲೇ ಈ ವಿಷಯದಲ್ಲಿ ಬಲವಾದ ಚಿಂತನೆ ನಡೆದಿತ್ತು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಕೆಟ್ಟ ರೂಢಿಯನ್ನು ಬಿಡುವ ಕ್ರಮವೊಂದಿದೆ. ಒಮ್ಮೆಗೇ ಬಿಡಬಾರದು. ನಾಲ್ಕರಲ್ಲಿ ಒಂದು ಪಾಲಿನಂತೆ ಕಡಿಮೆ ಮಾಡುತ್ತಾ, ಅದೇ ಅಳತೆಯಲ್ಲಿ ಹಿತವಾದುದನ್ನು ಸೇರಿಸುತ್ತಾ, ನಡುನಡುವೆ ದಿನಗಳ ಅಂತರ ಕೊಡುತ್ತಾ ಸಾಗಬೇಕು. ವೈದ್ಯರು ಇದನ್ನು ಪಾದಾಂಶಿಕ ಕ್ರಮ ಎನ್ನುತ್ತಾರೆ. ಹೀಗೆ ಮೆಲ್ಲಗೆ ಹೋದ ದೋಷ ಮರಳಿ ಬರುವುದಿಲ್ಲ ಎಂಬುದು ಅಲ್ಲಿನ ನಂಬಿಕೆ.

ಪತಂಜಲಿಯ ಯೋಗಸೂತ್ರ ಅಭ್ಯಾಸ ನೆಲೆಗೊಳ್ಳಲು ಮೂರು ಷರತ್ತುಗಳನ್ನು ಮುಂದಿಡುತ್ತದೆ: ಬಹುಕಾಲ ನಡೆಯಬೇಕು, ಎಡೆಬಿಡದೆ ನಡೆಯಬೇಕು, ಆದರದಿಂದ ನಡೆಯಬೇಕು. ಕಾಲವನ್ನೂ ಎಡೆಬಿಡದಿರುವಿಕೆಯನ್ನೂ ಲೆಕ್ಕ ಹಾಕಬಹುದು. ಆದರವನ್ನು ಲೆಕ್ಕ ಹಾಕುವುದು ಹೇಗೆ? ಮುಂದೆ ಪ್ರಯೋಗಾಲಯಗಳು ಬಹುಕಾಲ ಕೈಬಿಟ್ಟದ್ದೂ ಈ ಮೂರನೆಯ ಷರತ್ತನ್ನೇ.

18ನೇ ಶತಮಾನದ ಅಮೆರಿಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತನ್ನನ್ನು ತಿದ್ದಿಕೊಳ್ಳಲು ಪುಟ್ಟ ಪುಸ್ತಕವೊಂದನ್ನು ಮಾಡಿಕೊಂಡಿದ್ದ. ಹದಿಮೂರು ಗುಣಗಳ ಪಟ್ಟಿ, ವಾರಕ್ಕೊಂದು ಗುಣದ ಮೇಲೆ ಗಮನ, ತಪ್ಪಿದಾಗಲೆಲ್ಲ ಒಂದು ಕಪ್ಪು ಚುಕ್ಕೆ. ಹದಿಮೂರು ವಾರಕ್ಕೊಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಇಂದು ಮೊಬೈಲಿನ ಆ್ಯಪ್‌ಗಳಲ್ಲಿ ದಿನದಿನದ ಕೆಲಸಕ್ಕೆ ಗುರುತು ಹಾಕುವವರೆಲ್ಲ ಆ ಪುಸ್ತಕದ ವಾರಸುದಾರರೇ. ಅಚ್ಚುಕಟ್ಟುತನವೆಂಬ ಗುಣ ಮಾತ್ರ ತನ್ನನ್ನು ಬಹಳ ಕಾಡಿಸಿತೆಂದು ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ.

ದಾರದ ಉಂಡೆ, ತಂತಿಯ ಸದ್ದು, ಪೆಟ್ಟಿಗೆಯ ಬೆಕ್ಕು

ಆಧುನಿಕ ಅಧ್ಯಯನದ ಮೊದಲ ದೊಡ್ಡ ಹೆಜ್ಜೆ 1890ರದು. ಆ ವರ್ಷ ಹಾರ್ವರ್ಡ್‌ನ ವಿಲಿಯಂ ಜೇಮ್ಸ್ ಬರೆದ ಮನೋವಿಜ್ಞಾನದ ಮಹಾಗ್ರಂಥ ಬಂತು. ರೂಢಿಗೇ ಮೀಸಲಾದ ಅಧ್ಯಾಯ ಅದರಲ್ಲಿದೆ. ಬಟ್ಟೆಗೆ ಮಡಿಕೆ ಬಿದ್ದಂತೆ ನರಮಂಡಲದಲ್ಲೂ ಹಾದಿ ಬೀಳುತ್ತದೆ ಎಂದು ಜೇಮ್ಸ್ ನಂಬಿದ್ದರು. ಹೊಸ ರೂಢಿ ಬೇರೂರುವ ತನಕ ಒಂದು ದಿನವೂ ತಪ್ಪಬಾರದು ಎಂಬುದು ಅವರ ಕಟ್ಟುನಿಟ್ಟಿನ ಸಲಹೆ. ಒಮ್ಮೆ ತಪ್ಪಿದರೆ, ಜತನದಿಂದ ಸುತ್ತುತ್ತಿದ್ದ ದಾರದ ಉಂಡೆ ಕೈಜಾರಿ ಬಿದ್ದಂತೆ, ಸುತ್ತಿದ್ದೆಲ್ಲ ಬಿಚ್ಚಿಹೋಗುತ್ತದೆ ಎಂದರು. ಮೂವತ್ತು ದಾಟುವ ಹೊತ್ತಿಗೆ ಹೆಚ್ಚಿನವರ ಸ್ವಭಾವ ಗಾರೆಯಂತೆ ಗಟ್ಟಿಯಾಗಿಬಿಡುತ್ತದೆ ಎಂದೂ ಹೇಳಿದರು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವ ನಮ್ಮ ಗಾದೆಗೆ ಇದು ತೀರ ದೂರದ ಮಾತಲ್ಲ. ದಾರದ ಉಂಡೆಯ ಉಪಮೆ ಮನಸ್ಸಿನಲ್ಲಿರಲಿ. ಅದನ್ನು ಪರೀಕ್ಷೆಗೆ ಒಡ್ಡಲು ಮುಂದಿನವರಿಗೆ ನೂರಿಪ್ಪತ್ತು ವರ್ಷ ಬೇಕಾಯಿತು.

ಅದೇ ದಶಕದಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಬ್ರಯಾನ್ ಮತ್ತು ಹಾರ್ಟರ್ ಎಂಬಿಬ್ಬರು ತಂತಿ ಕಚೇರಿಯ ಕೆಲಸಗಾರರ ಕಲಿಕೆಯನ್ನು ವಾರವಾರವೂ ಅಳೆದರು. ಹಾರ್ಟರ್ ಸ್ವತಃ ತಂತಿ ಕೆಲಸ ಬಲ್ಲವರು. ಕಲಿಯುವವನಿಗೆ ಮೊದಲು ಒಂದೊಂದು ಅಕ್ಷರದ ಸದ್ದು ಕೇಳುತ್ತದೆ, ಬಳಿಕ ಇಡೀ ಪದ, ಆಮೇಲೆ ಪದಗಳ ಗೊಂಚಲು. ನಡುವೆ ಎಷ್ಟು ತಿಣುಕಿದರೂ ವೇಗ ಏರದ ವಾರಗಳು ಬರುತ್ತವೆ. ಕಲಿಕೆಯ ಗೆರೆ ಅಲ್ಲಿ ಮಟ್ಟಸವಾಗಿ ಮಲಗಿಬಿಡುತ್ತದೆ. ಆದರೆ ಆ ದಿನಗಳು ವ್ಯರ್ಥವಲ್ಲ, ಕೆಳಗಿನ ರೂಢಿ ಗಟ್ಟಿಯಾದ ಮೇಲೆಯೇ ಮೇಲಿನದಕ್ಕೆ ಜಾಗ ಎಂದು ಅವರು ವಿವರಿಸಿದರು. ಅಭ್ಯಾಸದ ಎರಡೂ ಅರ್ಥಗಳನ್ನು ಒಟ್ಟಿಗೆ ಹಿಡಿದ ಅಪರೂಪದ ಅಧ್ಯಯನವಿದು.

ಆದರೆ ಮುಂದಿನ ಅರ್ಧ ಶತಮಾನ ನಡೆದದ್ದು ಬೇರೆ ದಾರಿಯಲ್ಲಿ. 1898ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯೊಳಗಿಟ್ಟು, ಅಗಳಿ ಬಿಡಿಸಿಕೊಂಡು ಹೊರಬರಲು ಅವು ತೆಗೆದುಕೊಳ್ಳುವ ಹೊತ್ತನ್ನು ಅಳೆದ. ಫಲ ಕೊಟ್ಟ ಚಲನೆ ಉಳಿಯಿತು, ಕೊಡದ್ದು ಕಳಚಿತು. 1938ರ ಹೊತ್ತಿಗೆ ಬಿ. ಎಫ್. ಸ್ಕಿನ್ನರ್ ಇದನ್ನು ವಿಸ್ತಾರವಾದ ಶಾಸ್ತ್ರವಾಗಿ ಕಟ್ಟಿದ. ಸೂಚನೆ, ಕ್ರಿಯೆ, ಪ್ರತಿಫಲ ಎಂಬ ಇಂದಿನ ಜನಪ್ರಿಯ ತ್ರಿವಳಿಯ ಮೂಲ ಇಲ್ಲಿದೆ. ಲಾಭವೇನೋ ದೊಡ್ಡದೇ. ನಷ್ಟವೆಂದರೆ ರೂಢಿ ಎಂದರೆ ಯಾಂತ್ರಿಕತೆ ಎಂದಷ್ಟೇ ಆಯಿತು.

ಮಿದುಳಿನ ಒಳಗೆ

1980ರ ದಶಕದಲ್ಲಿ ಕೇಂಬ್ರಿಡ್ಜ್‌ನ ಆಂಟನಿ ಡಿಕಿನ್ಸನ್ ಮತ್ತು ಸಂಗಡಿಗರು ಒಂದು ಚೆಂದದ ಉಪಾಯ ಕಂಡುಕೊಂಡರು. ಸನ್ನೆ ಒತ್ತಿ ಸಿಹಿ ಪಡೆಯಲು ಕಲಿತ ಇಲಿಗಳಿಗೆ ಆ ಸಿಹಿಯೇ ಹೇಸಿಗೆಯಾಗುವಂತೆ ಮಾಡಿ, ಮತ್ತೆ ಸನ್ನೆಯ ಮುಂದೆ ಬಿಟ್ಟರು. ಸ್ವಲ್ಪವೇ ತರಬೇತಿ ಪಡೆದ ಇಲಿಗಳು ಒತ್ತುವುದನ್ನು ಕಡಿಮೆ ಮಾಡಿದವು. ಬಹಳ ಪಳಗಿದ ಇಲಿಗಳು ಒತ್ತುತ್ತಲೇ ಇದ್ದವು. ಗುರಿಗಾಗಿ ಮಾಡುವ ಕೆಲಸ ಬೇರೆ, ರೂಢಿಯಿಂದ ಆಗುವ ಕೆಲಸ ಬೇರೆ ಎಂಬುದಕ್ಕೆ ಇದು ಗಟ್ಟಿ ಪುರಾವೆಯಾಯಿತು.

ಮನುಷ್ಯರಲ್ಲಿ ಇದರ ಜಾಡು 1996ರಲ್ಲಿ ಸ್ಪಷ್ಟವಾಯಿತು. ಬಾರ್ಬರಾ ನೋಲ್ಟನ್, ಲ್ಯಾರಿ ಸ್ಕ್ವೈರ್ ಮತ್ತು ಜತೆಗಾರರು ಕಾರ್ಡುಗಳನ್ನು ನೋಡಿ ಮಳೆಯೋ ಬಿಸಿಲೋ ಎಂದು ಊಹಿಸುವ ಆಟವನ್ನು ರೋಗಿಗಳಿಗೆ ಕೊಟ್ಟರು. ಮರೆವಿನ ಕಾಯಿಲೆಯವರು ಆಡಿದ್ದನ್ನು ಸರಿಯಾಗಿ ನೆನಪಿಟ್ಟುಕೊಳ್ಳಲಾರದೆ ಹೋದರೂ ಊಹಿಸುವುದನ್ನು ಕಲಿತರು. ಪಾರ್ಕಿನ್ಸನ್ ರೋಗಿಗಳಿಗೆ ಆಟ ನೆನಪಿತ್ತು, ಕಲಿಕೆ ಮಾತ್ರ ಹತ್ತಲಿಲ್ಲ. ನೆನಪಿನ ದಾರಿ ಒಂದಾದರೆ ರೂಢಿಯ ದಾರಿ ಇನ್ನೊಂದು, ಅದು ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಭಾಗದ ಮೂಲಕ ಹಾದುಹೋಗುತ್ತದೆ. 1999ರಲ್ಲಿ ಎಂಐಟಿಯ ಆನ್ ಗ್ರೇಬಿಯಲ್ ತಂಡ ಅದೇ ಭಾಗದ ನರಕೋಶಗಳ ಸದ್ದನ್ನು ಓಟದ ದಾರಿಯೊಂದನ್ನು ಕಲಿಯುತ್ತಿದ್ದ ಇಲಿಗಳಲ್ಲಿ ಆಲಿಸಿತು. ಹೊಸದರಲ್ಲಿ ದಾರಿಯುದ್ದಕ್ಕೂ ಚಟುವಟಿಕೆ ಹರಡಿರುತ್ತಿತ್ತು. ಪಳಗಿದ ಮೇಲೆ ಅದು ಹೆಚ್ಚಾಗಿ ಆರಂಭದಲ್ಲಿ ಮತ್ತು ಕೊನೆಯಲ್ಲಿ ಕಂಡಿತು. ನಡುವಿನದೆಲ್ಲ ಒಂದೇ ಗಂಟಾಗಿ ಕಟ್ಟಿಕೊಂಡಂತೆ. ತಂತಿ ಕೆಲಸಗಾರನಿಗೆ ಅಕ್ಷರಗಳು ಪದವಾಗಿ ಕೇಳಿಸಿದ್ದು ನೆನಪಾಗುತ್ತದೆ.

ಜಾಗ ನಡೆಸುವ ಕೆಲಸ

ಪ್ರಯೋಗಾಲಯದಿಂದ ಬೀದಿಗೆ ಬಂದವರಲ್ಲಿ ವೆಂಡಿ ವುಡ್ ಮುಖ್ಯರು. ಗಂಟೆಗೊಮ್ಮೆ ಸದ್ದು ಮಾಡುವ ಸಾಧನವನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಆ ಕ್ಷಣ ಏನು ಮಾಡುತ್ತಿದ್ದೀರಿ, ಏನು ಯೋಚಿಸುತ್ತಿದ್ದೀರಿ ಎಂದು ಅವರ ತಂಡ ಬರೆಸಿಕೊಂಡಿತು. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ದಿನದ ಕೆಲಸಗಳಲ್ಲಿ ಶೇ. 43ರಷ್ಟು ಹೆಚ್ಚೂಕಡಿಮೆ ದಿನವೂ ಅದೇ ಜಾಗದಲ್ಲಿ, ಮನಸ್ಸು ಬೇರೆಲ್ಲೋ ಇರುವಾಗ ಆಗುವಂಥವು.

2011ರ ಅವರ ಇನ್ನೊಂದು ಅಧ್ಯಯನದಲ್ಲಿ ಚಿತ್ರಮಂದಿರಕ್ಕೆ ಬಂದವರಿಗೆ ತಾಜಾ ಪಾಪ್‌ಕಾರ್ನ್ ಅಥವಾ ವಾರದ ಹಿಂದಿನದನ್ನು ಕೊಡಲಾಯಿತು. ಸಿನಿಮಾ ನೋಡುತ್ತಾ ಪಾಪ್‌ಕಾರ್ನ್ ತಿನ್ನುವ ರೂಢಿ ಬಲವಾಗಿದ್ದವರು ಹಳಸಿದ್ದನ್ನೂ ತಾಜಾದಷ್ಟೇ ತಿಂದರು. ಅಂಥವರನ್ನೇ ಸಭಾಕೊಠಡಿಯಲ್ಲಿ ಕೂರಿಸಿದಾಗ ಹಳಸಿದ್ದು ಅಷ್ಟು ಖರ್ಚಾಗಲಿಲ್ಲ. ರೂಢಿಯಿಲ್ಲದ ಕೈಯಲ್ಲಿ ತಿನ್ನಿ ಎಂದಾಗಲೂ ಹಿಡಿತ ಸಡಿಲವಾಯಿತು. ಕೈಯನ್ನು ನಡೆಸುತ್ತಿದ್ದದ್ದು ನಾಲಿಗೆಯ ರುಚಿಯಲ್ಲ, ಕೂತ ಜಾಗ. ಇದಕ್ಕೂ ಮೊದಲೇ, 1970ರ ದಶಕದಲ್ಲಿ, ವಿಯೆಟ್ನಾಂನಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಅಮೆರಿಕದ ಸೈನಿಕರಲ್ಲಿ ಬಹುಪಾಲು ಜನ ಊರಿಗೆ ಮರಳಿದ ಮೇಲೆ ಮತ್ತೆ ಅದರ ದಾಸರಾಗಲಿಲ್ಲ ಎಂದು ಲೀ ರಾಬಿನ್ಸ್ ತೋರಿಸಿಕೊಟ್ಟಿದ್ದರು.

ಇದರ ಜತೆಗೇ ಮನೋಬಲದ ಪಟ್ಟ ಸಡಿಲವಾಯಿತು. ಮನೋಬಲವೆಂಬುದು ಬಳಸಿದಂತೆ ಬರಿದಾಗುವ ದಾಸ್ತಾನು ಎಂದು ರಾಯ್ ಬಾಮೈಸ್ಟರ್ ತಂಡ 1998ರಲ್ಲಿ ಹೇಳಿದ್ದು ಬಹಳ ಹೆಸರಾಯಿತು. 2016ರಲ್ಲಿ 23 ಪ್ರಯೋಗಾಲಯಗಳು ಒಟ್ಟಾಗಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದಾಗ ಅಂಥ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ ಕಂಡಿತು. ಇನ್ನೊಂದೆಡೆ, ಜರ್ಮನಿಯ ಪೀಟರ್ ಗಾಲ್‌ವಿಟ್ಸರ್ ಯಾವಾಗ, ಎಲ್ಲಿ, ಏನು ಎಂದು ಮೊದಲೇ ನಿಗದಿ ಮಾಡಿಕೊಳ್ಳುವುದರ ಬಲವನ್ನು ತೋರಿಸಿದರು. 2002ರ ಬ್ರಿಟಿಷ್ ಅಧ್ಯಯನವೊಂದರಲ್ಲಿ ವ್ಯಾಯಾಮದ ಲಾಭಗಳನ್ನಷ್ಟೇ ಓದಿಕೊಂಡವರಲ್ಲಿ ಶೇ. 35 ಜನ ಆ ವಾರ ವ್ಯಾಯಾಮ ಮಾಡಿದರೆ, ಓದಿದ್ದರ ಜತೆಗೆ ದಿನ, ಹೊತ್ತು, ಜಾಗ ಬರೆದುಕೊಂಡವರಲ್ಲಿ ಶೇ. 91 ಜನ ಮಾಡಿದರು. ನಾಳೆಯಿಂದ ಓದುತ್ತೇನೆ ಎನ್ನುವುದಕ್ಕೂ ರಾತ್ರಿ ಊಟದ ತಟ್ಟೆ ತೊಳೆದಿಟ್ಟು ಅಡುಗೆಮನೆಯ ಮೇಜಿನ ಮುಂದೆ ಕೂತು ಎರಡು ಪುಟ ಓದುತ್ತೇನೆ ಎನ್ನುವುದಕ್ಕೂ ಇರುವ ವ್ಯತ್ಯಾಸ ಇದೇ.

ಎಷ್ಟು ದಿನ?

ರೂಢಿ ಕೂರಲು ಇಪ್ಪತ್ತೊಂದು ದಿನ ಸಾಕು ಎಂಬ ಮಾತು ಎಲ್ಲೆಲ್ಲೂ ಕೇಳಿಬರುತ್ತದೆ. ಅದರ ಮೂಲ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದ ಪುಸ್ತಕ. ಶಸ್ತ್ರಚಿಕಿತ್ಸೆಯ ಬಳಿಕ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ರೋಗಿಗಳಿಗೆ ಕನಿಷ್ಠ ಸುಮಾರು 21 ದಿನ ಬೇಕಾಗುತ್ತದೆ ಎಂದು ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಹೋಗುವಾಗ ಕನಿಷ್ಠ ಎಂಬುದು ಬಿದ್ದುಹೋಯಿತು, ಮುಖದ ಮಾತು ಎಲ್ಲ ರೂಢಿಗಳ ಮಾತಾಯಿತು. ನಮ್ಮಲ್ಲಿ ವ್ರತಕ್ಕೂ ಔಷಧಕ್ಕೂ 48 ದಿನಗಳ ಮಂಡಲ ಎಂಬ ಎಣಿಕೆ ಇದೆ. ಅವಧಿ ಇನ್ನೂ ದೀರ್ಘವೆಂಬ ಅರಿವು ಅದರಲ್ಲಿದೆ.

ಸರಿಯಾದ ಅಳತೆ ಬಂದದ್ದು 2010ರಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ತಂಡ 96 ಜನರನ್ನು 84 ದಿನ ಗಮನಿಸಿತು. ಒಬ್ಬೊಬ್ಬರೂ ಒಂದು ಸಣ್ಣ ಕೆಲಸ ಆರಿಸಿಕೊಂಡು, ತಿಂಡಿಯ ನಂತರ ಎಂಬಂಥ ಒಂದು ಸೂಚನೆಗೆ ಅದನ್ನು ಕಟ್ಟಿಕೊಂಡಿದ್ದರು. ಕೆಲಸ ತಾನಾಗಿ ಆಗುವ ಹಂತ ತಲುಪಲು ನಡುವಿನ ಅಂದಾಜು 66 ದಿನ. ಆದರೆ ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ. ಅಧ್ಯಯನ ನಡೆದದ್ದೇ 84 ದಿನವಾದ್ದರಿಂದ ಆ ದೊಡ್ಡ ಸಂಖ್ಯೆ ಗೆರೆಯನ್ನು ಮುಂದೆಳೆದು ಕಂಡುಕೊಂಡದ್ದು. ಹಾಗಾಗಿ 66ನ್ನೂ ಇನ್ನೊಂದು ಮಂತ್ರಸಂಖ್ಯೆ ಮಾಡಿಕೊಳ್ಳಬಾರದು. 2023ರಲ್ಲಿ ಜಿಮ್ಮಿನ ಹಾಜರಿಯನ್ನೂ ಆಸ್ಪತ್ರೆ ಸಿಬ್ಬಂದಿಯ ಕೈತೊಳೆತವನ್ನೂ ಅಪಾರ ದತ್ತಾಂಶದಿಂದ ಹೋಲಿಸಿದಾಗ ಕೈತೊಳೆತಕ್ಕೆ ವಾರಗಳು, ಜಿಮ್ಮಿಗೆ ತಿಂಗಳುಗಳು ಬೇಕಾದದ್ದು ಕಂಡಿತು.

ಲ್ಯಾಲಿಯ ಅಧ್ಯಯನದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಬೇರೆಯೇ ಒಂದು ಸಂಗತಿ: ಒಂದು ದಿನ ತಪ್ಪಿದ್ದರಿಂದ ರೂಢಿ ಕಟ್ಟುವ ಕೆಲಸಕ್ಕೆ ಗಣನೀಯ ಪೆಟ್ಟು ಬೀಳಲಿಲ್ಲ. ಜೇಮ್ಸ್ ಹೇಳಿದ ದಾರದ ಉಂಡೆ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. 2021ರಲ್ಲಿ ಕೇಟಿ ಮಿಲ್ಕ್‌ಮನ್ ಮತ್ತಿತರರು ಅಮೆರಿಕದ ಜಿಮ್ ಸರಣಿಯೊಂದರ 61,293 ಸದಸ್ಯರ ಮೇಲೆ 54 ಬಗೆಯ ನಾಲ್ಕು ವಾರಗಳ ಕಾರ್ಯಕ್ರಮ ಪರೀಕ್ಷಿಸಿದರು. ಎಲ್ಲಕ್ಕಿಂತ ಚೆನ್ನಾಗಿ ಫಲಿಸಿದ್ದು, ಒಂದು ಸಲ ತಪ್ಪಿಸಿಕೊಂಡವರು ಮರಳಿ ಬಂದಾಗ ಪುಟ್ಟ ಬಹುಮಾನ ಕೊಡುವ ಕ್ರಮ. ಅದೇ ಅಧ್ಯಯನದ ಕಹಿ ಪಾಠವನ್ನೂ ಹೇಳಬೇಕು: ನಾಲ್ಕು ವಾರ ಮುಗಿದ ಮೇಲೂ ಅಳೆಯಬಲ್ಲ ಪರಿಣಾಮ ಉಳಿಸಿದ ಕಾರ್ಯಕ್ರಮಗಳು ಶೇ. 8 ಮಾತ್ರ.

ಮಾರುಕಟ್ಟೆಯ ಗಣಿತ

ಈ ಜ್ಞಾನವನ್ನು ಜನರ ಮನೆಗೆ ಮುಟ್ಟಿಸಿದ್ದು ಚಾರ್ಲ್ಸ್ ಡುಹಿಗ್ (2012), ಜೇಮ್ಸ್ ಕ್ಲಿಯರ್ (2018), ಬಿ. ಜೆ. ಫಾಗ್ (2019) ಬರೆದ ಪುಸ್ತಕಗಳು. ತೀರ ಸಣ್ಣದರಿಂದ ಶುರುಮಾಡಿ, ಇರುವ ರೂಢಿಗೆ ಹೊಸದನ್ನು ಗಂಟುಹಾಕಿ ಎಂಬ ಅವರ ಸಲಹೆಗೆ ಸಂಶೋಧನೆಯ ಬೆಂಬಲವಿದೆ. ದಿನಕ್ಕೆ ಶೇ. 1 ಸುಧಾರಿಸಿದರೆ ವರ್ಷಕ್ಕೆ 37 ಪಟ್ಟು ಎಂಬ ಲೆಕ್ಕಕ್ಕೆ ಮಾತ್ರ ಆ ಬೆಂಬಲವಿಲ್ಲ. ಅದು ಚಕ್ರಬಡ್ಡಿಯ ಗಣಿತ. ಮನುಷ್ಯನ ಕಲಿಕೆ ಬ್ಯಾಂಕಿನ ಬಡ್ಡಿಯಂತೆ ಬೆಳೆಯುವುದಿಲ್ಲ. ತಂತಿ ಕೆಲಸಗಾರರ ಗೆರೆ ಮಟ್ಟಸವಾಗಿ ಮಲಗಿದ್ದನ್ನು 19ನೇ ಶತಮಾನದಲ್ಲೇ ಕಂಡಿದ್ದೇವೆ. 37 ಪಟ್ಟನ್ನು ನಿರೀಕ್ಷಿಸಿ ಹೊರಟವರು ಆ ಸಮತಟ್ಟಿನಲ್ಲಿ ಸೋತೆವೆಂದುಕೊಂಡು ಕೈಚೆಲ್ಲಬಾರದು.

ಮತ್ತೆ ಒಂದಾದ ಎರಡು ಅರ್ಥ

ಇನ್ನು ಉಳಿದದ್ದು ಪತಂಜಲಿಯ ಮೂರನೆಯ ಷರತ್ತಾದ ಆದರದ ಮಾತು. 1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಸಹೋದ್ಯೋಗಿಗಳು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಅಧ್ಯಯನ ಪ್ರಕಟಿಸಿದರು. ತನ್ನ ದೋಷವನ್ನು ಗುರುತಿಸಿ, ಅದನ್ನೇ ತಿದ್ದಲೆಂದು ಗಮನವಿಟ್ಟು ಮಾಡುವ ಅಭ್ಯಾಸವೇ ಕೌಶಲವನ್ನು ಏರಿಸುತ್ತದೆ ಎಂಬುದು ಅವರ ವಾದ. ಕೈ ತಾನಾಗಿ ಓಡತೊಡಗಿದರೆ ಬೆಳವಣಿಗೆ ಅಲ್ಲೇ ನಿಲ್ಲುತ್ತದೆ. ಹಾಗಾದರೆ ರೂಢಿ ದೊಡ್ಡ ಗುರಿಯ ಮಿತ್ರನೋ ಶತ್ರುವೋ?

ಇತ್ತೀಚಿನ ಹತ್ತು ವರ್ಷಗಳಲ್ಲಿ ಬೆಂಜಮಿನ್ ಗಾರ್ಡ್ನರ್, ಅಲಿಸನ್ ಫಿಲಿಪ್ಸ್ ಮೊದಲಾದವರು ಈ ಗಂಟನ್ನು ಬಿಡಿಸಿದ್ದಾರೆ. ಕೆಲಸಕ್ಕೆ ತೊಡಗುವ ರೂಢಿ ಒಂದು, ಕೆಲಸವನ್ನು ನಡೆಸುವ ರೂಢಿ ಇನ್ನೊಂದು. ವ್ಯಾಯಾಮದಂಥ ಕೆಲಸ ಮೇಲಿಂದ ಮೇಲೆ ಆಗುವಂತೆ ನೋಡಿಕೊಳ್ಳುವುದು ಮೊದಲನೆಯದು. ಎರಡನೆಯದು ಹಾಗೇ ಯಾಂತ್ರಿಕವಾಗಬೇಕಾದ ಅಗತ್ಯವಿಲ್ಲ. ತೊಡಗುವುದನ್ನು ರೂಢಿಗೆ ಒಪ್ಪಿಸಿ, ನಡೆಸುವುದನ್ನು ಎಚ್ಚರಕ್ಕೆ ಉಳಿಸಿಕೊಂಡರೆ ಅಭ್ಯಾಸದ ಎರಡೂ ಅರ್ಥ ಒಂದೇ ಕೆಲಸದಲ್ಲಿ ಕೂಡುತ್ತವೆ.

ಸಂಗೀತ ಕಲಿಯುವ ಮಕ್ಕಳಿರುವ ಮನೆಗೆ ಇದು ಗೊತ್ತಿರುವ ಸತ್ಯ. ಕರ್ನಾಟಕ ಸಂಗೀತದ ಮೊದಲ ಪಾಠಗಳನ್ನು ಮಾಯಾಮಾಳವಗೌಳದಲ್ಲಿ ಕ್ರಮಪಡಿಸಿದವರು ಪುರಂದರದಾಸರೆಂದು ಪರಂಪರೆ ನಂಬುತ್ತದೆ. ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಲು ಹೆಚ್ಚು ಹೊತ್ತು ಬೇಡ. ದಿನವೂ ಅದೇ ಹೊತ್ತಿಗೆ ಅದೇ ಚಾಪೆಯ ಮೇಲೆ ಕೂರಿಸುವುದು ರೂಢಿಯ ಕೆಲಸ, ಅದಕ್ಕೆ ಯೋಚನೆ ಬೇಡ. ಶ್ರುತಿ ಹಿಡಿದ ಮೇಲೆ ರಿಷಭ ಸ್ಥಾನದಲ್ಲಿ ನಿಂತಿತೇ ಎಂದು ಕೇಳುವ ಕಿವಿ ಮಾತ್ರ ಎಚ್ಚರವಾಗಿರಬೇಕು. ನಿನ್ನೆ ಪಾಠ ತಪ್ಪಿತ್ತೇ? ಇರಲಿ, ಚಾಪೆ ಅಲ್ಲೇ ಇದೆ.