ಈಚಲ ಮರ, ಅಬಕಾರಿ ತೆರಿಗೆ ಮತ್ತು ಸೊಲ್ಲಾಪುರದ ನಾಲ್ವರು ಹುತಾತ್ಮರು

ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ. ಈ ನಾಲ್ವರ ಹೆಸರನ್ನು ಅರಿಯದ ಸೊಲ್ಲಾಪುರದ ಕನ್ನಡಿಗರು ವಿರಳ. ಆದರೆ ಅವರನ್ನು ನೇಣುಗಂಬಕ್ಕೆ ಕರೆದೊಯ್ದ ಘಟನಾವಳಿಯ ಮೊದಲಲ್ಲಿ ಒಂದು ಸಾಮಾನ್ಯ ಮರವಿತ್ತೆಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಅದು ಈಚಲ ಮರ, ಮರಾಠಿಯಲ್ಲಿ ಶಿಂದಿ.

ಸೊಲ್ಲಾಪುರ, ಅಕ್ಕಲಕೋಟೆಗಳ ಸುತ್ತಣ ಬಯಲುಸೀಮೆಯಲ್ಲಿ ಹಳ್ಳದ ದಂಡೆಗಳಲ್ಲಿ ಬೆಳೆಯುವ ಈ ಮರವನ್ನು ಕೆತ್ತಿ ಮಡಕೆ ಕಟ್ಟಿದರೆ ಸಿಹಿ ರಸ ಇಳಿಯುತ್ತದೆ. ಬಿಸಿಲೇರಿದಂತೆ ಅದು ತಾನಾಗಿಯೇ ಹುಳಿತು ಹೆಂಡವಾಗುತ್ತದೆ. ಮರುದಿನಕ್ಕೆ ಅದು ಕುಡಿಯಲು ಯೋಗ್ಯವಲ್ಲ. ಆದ್ದರಿಂದ ದೂರದೂರಿಗೆ ಸಾಗದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೂ ಒಬ್ಬನಾಗಿದ್ದನೆಂಬುದು ಈ ಕಸುಬಿನ ಹಳಮೆಗೆ ಸಾಕ್ಷಿ.

ಇಂಗ್ಲೆಂಡಿನ ಹಳೆಯ ಏಲ್ ಕೂಡ ಮೊದಲು ಇಂಥದೇ ಊರ ಪಾನೀಯ. ಮೊಳಕೆ ಬರಿಸಿದ ಬಾರ್ಲಿಯಿಂದ ಮನೆಮನೆಯಲ್ಲಿ ಕಾಯಿಸುತ್ತಿದ್ದ ಅದು ಬೇಗ ಕೆಡುತ್ತಿತ್ತು. ಹದಿನೈದನೆಯ ಶತಮಾನದ ಸುಮಾರಿಗೆ ಹಾಪ್ ಹೂವಿನ ಬಳಕೆ ಹಬ್ಬಿದ ಮೇಲೆ ಬಹುಕಾಲ ಬಾಳುವ ಬಿಯರ್ ಸಾಧ್ಯವಾಯಿತು. ಜಿಪ್ಸಮ್ ಬೆರೆತ ಬಾವಿನೀರಿಗೆ ಹೆಸರಾದ ಬರ್ಟನ್ ಪಟ್ಟಣದ ಪೇಲ್ ಏಲ್ 1820ರ ದಶಕದಿಂದ ಹಡಗೇರಿ ಭಾರತಕ್ಕೆ ಬರತೊಡಗಿತು. ಅಲ್ಲಿಯ ಸರಕಾರ 1697ರಿಂದ 1880ರವರೆಗೆ ಮಾಲ್ಟಿನ ಮೇಲೆ, ಬಳಿಕ ಬಿಯರಿನ ಮೇಲೆಯೇ ತೆರಿಗೆ ಎತ್ತಿತು. ಪೀಪಾಯಿಯಲ್ಲಿ ನಿಲ್ಲುವ ಬಿಯರನ್ನು ಅಳೆಯಬಹುದು. ಬೆಳಗಿನಿಂದ ಸಂಜೆಗೆ ಬದಲಾಗುವ ಹೆಂಡವನ್ನು ಅಳೆಯುವುದು ಹೇಗೆ? ಈ ಪ್ರಶ್ನೆಗೆ ಆಂಗ್ಲ ಅಧಿಕಾರಿಗಳು ಕಂಡುಕೊಂಡ ಉತ್ತರವೆಂದರೆ ಮರವನ್ನೇ ಎಣಿಸುವುದು. 1878ರ ಮುಂಬಯಿ ಅಬಕಾರಿ ಕಾಯಿದೆಯಡಿ ಮರಕ್ಕಿಷ್ಟೆಂದು ತೆರಿಗೆ ಬಿತ್ತು. ಪರವಾನಗಿಯಿಲ್ಲದೆ ಮರ ಕೆತ್ತುವುದು ಅಪರಾಧವಾಯಿತು. ಹಳ್ಳದ ದಂಡೆಯ ಮರ ಸರಕಾರದ ಬೊಕ್ಕಸದ ಒಂದು ಬಾಯಿಯಾಯಿತು.

ಗಾಂಧೀಜಿಯವರು ಪಾನನಿಷೇಧವನ್ನು ಸ್ವರಾಜ್ಯದ ಕಾರ್ಯವೆಂದು ಸಾರಿದಾಗ ಇದರಲ್ಲಿ ನೀತಿಯೊಂದೇ ಇರಲಿಲ್ಲ, ಆದಾಯದ ಲೆಕ್ಕವೂ ಇತ್ತು. ಉಪ್ಪಿನಂತೆಯೇ ಹೆಂಡದಿಂದಲೂ ಸರಕಾರ ಬಡವರ ಕಿಸೆಗೆ ಕೈಯಿಕ್ಕಿತ್ತು. 1930ರ ಮೇ 5ರಂದು ಗಾಂಧೀಜಿಯವರ ಬಂಧನವಾಯಿತು. ಮೇ 8ರಂದು ಸೊಲ್ಲಾಪುರದಲ್ಲಿ ಜನರ ಗುಂಪು ಶಿಂದಿ ಮರಗಳನ್ನು ಕಡಿಯಲು ಹೊರಟಿತು. ಬಂಧನಗಳಾದವು, ಗೋಲಿಬಾರಾಯಿತು; ಶಂಕರ ಶಿವದಾರೆ ಪ್ರಾಣ ತೆತ್ತರು. ರೊಚ್ಚಿಗೆದ್ದ ಜನ ಮಂಗಳವಾರ ಪೇಟೆಯ ಠಾಣೆಗೆ ಬೆಂಕಿಯಿಟ್ಟರು, ಪೊಲೀಸರೂ ಹತರಾದರು. ಕೆಲವು ದಿನ ನಗರದಲ್ಲಿ ಆಂಗ್ಲರ ಆಡಳಿತವೇ ಇರಲಿಲ್ಲ. ಮೇ 12ರಂದು ಸೇನಾಡಳಿತ ಜಾರಿಗೆ ಬಂದು ಜೂನ್ ಕೊನೆಯವರೆಗೆ ನಡೆಯಿತು. ಪೊಲೀಸರ ಕೊಲೆಯ ಆರೋಪದ ಮೇಲೆ ಆ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಒಬ್ಬ ಲಿಂಗಾಯತ, ಒಬ್ಬ ಮಾರವಾಡಿ, ಒಬ್ಬ ಮುಸಲ್ಮಾನ, ಒಬ್ಬ ಮರಾಠಾ. ಹಗ್ಗ ಒಂದೇ ಬಗೆಯದು.

ಈ ಚರಿತ್ರೆಗೆ ಇನ್ನೊಂದು ಮಗ್ಗುಲೂ ಇದೆ. ಮರ ಉರುಳಿದಾಗ ಸರಕಾರದ ಆದಾಯದೊಡನೆ ಮರ ಹತ್ತುವವನ ಅನ್ನವೂ ಉರುಳಿತು. ಸ್ವಾತಂತ್ರ್ಯಾನಂತರ 1949ರ ಮುಂಬಯಿ ಪಾನನಿಷೇಧ ಕಾಯಿದೆ ಬಂದಾಗಲೂ ಭಾರ ಹೊತ್ತವರು ಇವರೇ. ಹುಳಿಯದ ರಸವನ್ನು ನೀರಾ ಎಂದು ಮಾರಲು ದೊರೆತ ಉತ್ತೇಜನ ಅವರಲ್ಲಿ ಕೆಲವರಿಗಷ್ಟೇ ಆಸರೆಯಾದೀತು. ಹುತಾತ್ಮರ ಗೌರವಕ್ಕೆ ಈ ಮಾತಿನಿಂದ ಕುಂದಿಲ್ಲ. ಅವರ ಹೋರಾಟ ತೆರಿಗೆ ಎತ್ತುವ ಅಧಿಕಾರದೊಡನೆ, ಮಡಕೆ ಕಟ್ಟುವ ಕೈಯೊಡನೆ ಅಲ್ಲ.

ಇಂಗ್ಲೆಂಡಿನವರು ಊರೂರಿನ ಏಲಿನ ಚರಿತ್ರೆಯನ್ನು ಅಕ್ಕರೆಯಿಂದ ಬರೆದಿಟ್ಟುಕೊಂಡಿದ್ದಾರೆ. ನಮ್ಮ ಗಡಿನಾಡಿನಲ್ಲಿ ಈಚಲು, ಸೇಂದಿ, ಕಲಾಲ ಎಂಬ ಮಾತುಗಳ ಹಿಂದಿರುವ ಬದುಕು ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿದೆ. ಸಂಘದ ಸದಸ್ಯರು ತಮ್ಮ ಮನೆಯ ಹಿರಿಯರನ್ನು ಕೇಳಿ ಅದನ್ನು ಕನ್ನಡದಲ್ಲಿ ಬರೆದಿಟ್ಟರೆ, ಹುತಾತ್ಮರ ಕಥೆಯೂ ಪೂರ್ಣವಾದೀತು.