ನಮ್ಮ ಬಡಾವಣೆಯ ಚರಿತ್ರೆಯಲ್ಲಿ ಕಾಡುಪಾಪ

ಸುವರ್ಣ ಮಹೋತ್ಸವದ ಸಂಚಿಕೆಗೆ ನಮ್ಮ ಸುತ್ತಮುತ್ತಲ ಇತಿಹಾಸ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ, ತರಗತಿಯಲ್ಲಿ ನಾನು ಹಿಂದೊಮ್ಮೆ ಕೊಟ್ಟ ತಪ್ಪು ಉತ್ತರವೊಂದು ನೆನಪಾಯಿತು. ಆಗ ಎಂಬತ್ತರ ದಶಕದ ಕೊನೆ. ಎಂಟನೇ ತರಗತಿಗೆ ಸಮಾಜ ವಿಜ್ಞಾನ ಹೇಳುತ್ತಿದ್ದೆ. "ನಮ್ಮ ಏರಿಯಾ ಹಿಂದೆ ಹೇಗಿತ್ತು, ಮನೆಯ ಹಿರಿಯರನ್ನು ಕೇಳಿ ಬನ್ನಿ" ಎಂದಿದ್ದೆ. ಮರುದಿನ ಒಬ್ಬ ಹುಡುಗಿ ಎದ್ದು ನಿಂತು, "ನಮ್ಮಜ್ಜಿ ಚಿಕ್ಕವರಿದ್ದಾಗ ತೋಪಿನ ಹುಣಸೆಮರದಲ್ಲಿ ರಾತ್ರಿ ಹೊತ್ತು ಕಾಡುಪಾಪ ಕೂಗ್ತಿತ್ತಂತೆ ಸಾರ್. ಈಗ ಅದು ಎಲ್ಲಿಗೆ ಹೋಯ್ತು?" ಎಂದು ಕೇಳಿದಳು. "ಕಾಡಿಗೆ ಹೋಗಿರುತ್ತಮ್ಮ" ಎಂದು ಹೇಳಿ ಮುಂದಿನವರನ್ನು ಎಬ್ಬಿಸಿದೆ. ಆ ಉತ್ತರವನ್ನು ತಿದ್ದುವುದಕ್ಕಾಗಿಯೇ ಈ ಲೇಖನ.

ಕಾಡುಪಾಪ ಎಂದರೆ ಹೆಸರಿಗೆ ತಕ್ಕಂತೆ ಕಾಡಿನ ಮಗು. ಸುಮಾರು ಒಂದು ಗೇಣುದ್ದ, ಕಾಲು ಕಿಲೋ ಆಸುಪಾಸಿನ ತೂಕ. ಬಾಲವಿಲ್ಲ. ಕಡ್ಡಿಯಂಥ ಕೈಕಾಲು, ಮುಖದ ತುಂಬ ಎರಡು ದುಂಡು ಕಣ್ಣು. ಕೋತಿ ಮತ್ತು ಮನುಷ್ಯರು ಸೇರಿದ ದೊಡ್ಡ ಬಳಗಕ್ಕೆ ಸೇರಿದ ಪ್ರಾಣಿ ಇದು. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಬಿಟ್ಟರೆ ತೆಳುಮೈಯ ಈ ಕಾಡುಪಾಪಗಳು ಜಗತ್ತಿನ ಬೇರೆಲ್ಲೂ ಇಲ್ಲ. ಹಗಲೆಲ್ಲ ಮುಳ್ಳುಗಿಡಗಳ ಪೊದೆಯಲ್ಲೋ ಬಿದಿರು ಮೆಳೆಯಲ್ಲೋ ಮುದುಡಿ ಮಲಗಿ, ಕತ್ತಲಾದ ಮೇಲೆ ಹೊರಬಂದು ಇರುವೆ, ಗೆದ್ದಲು, ಜೀರುಂಡೆಗಳನ್ನು ಹಿಡಿದು ತಿನ್ನುತ್ತದೆ. ಯಾರಿಗೂ ತೊಂದರೆ ಕೊಡುವ ಜೀವವಲ್ಲ. ಆದರೂ ಅದರ ಕಣ್ಣು ಔಷಧಿಗೆ ಬರುತ್ತದೆ, ಮಾಟಮಂತ್ರಕ್ಕೆ ಬೇಕು ಎಂಬ ಮೂಢನಂಬಿಕೆಗೆ ಎಷ್ಟೋ ಕಾಡುಪಾಪಗಳು ಬಲಿಯಾಗಿವೆ.

ಈಗ ನಮ್ಮ ನೆಲದ ಕಥೆಗೆ ಬರೋಣ. ಗೋವಿಂದರಾಜನಗರ ಎಂದು ನಾವು ಕರೆಯುವ ಈ ಪ್ರದೇಶ ಹಿಂದೆ ಮಾಗಡಿ ರಸ್ತೆಯ ಎರಡೂ ಬದಿಯ ಹಳ್ಳಿಗಳ ಹೊಲಗದ್ದೆ. ಮಾರೇನಹಳ್ಳಿ, ಅಗ್ರಹಾರ ದಾಸರಹಳ್ಳಿ, ಸಾಣೆಗುರುವನಹಳ್ಳಿ, ಮೂಡಲಪಾಳ್ಯ, ಪಟ್ಟೇಗಾರಪಾಳ್ಯ: ಬಸ್ಸಿನ ಬೋರ್ಡುಗಳಲ್ಲಿ ಉಳಿದಿರುವ ಹೆಸರುಗಳೆಲ್ಲ ಊರುಗಳ ಹೆಸರೇ. ಬೆಂಗಳೂರು ಸೀಮೆಯ ಹಳ್ಳಿ ಎಂದರೆ ಒಂದು ಕೆರೆ, ಒಂದು ಗುಂಡುತೋಪು, ಹೊಲಗಳ ನಡುವೆ ಕಳ್ಳಿ, ಲಂಟಾನ, ಬಿದಿರಿನ ಬೇಲಿ. ಗುಂಡುತೋಪು ಊರಿನವರೆಲ್ಲರ ಸೊತ್ತು. ಮಾವು, ಹುಣಸೆ, ನೇರಳೆ, ಹೊಂಗೆಗಳ ನೆರಳು. ತೋಪಿನಿಂದ ಬೇಲಿಗೆ, ಬೇಲಿಯಿಂದ ಕೆರೆ ಏರಿಯ ಮರಗಳಿಗೆ ಹಸಿರು ಒಂದಕ್ಕೊಂದು ಕೈಹಿಡಿದುಕೊಂಡಿರುತ್ತಿತ್ತು.

1945ರಲ್ಲಿ ನಗರಾಭಿವೃದ್ಧಿಗೆಂದು ಸಿಐಟಿಬಿ ರಚನೆಯಾಯಿತು. 1949ರಲ್ಲಿ ರಾಜಾಜಿನಗರಕ್ಕೆ ಅಡಿಗಲ್ಲು ಬಿತ್ತು. ಸಿಐಟಿಬಿಯ ಜಾಗಕ್ಕೆ 1976ರ ಕಾಯ್ದೆಯ ಮೂಲಕ ಬಿಡಿಎ ಬಂತು. ಕುರುಬರಹಳ್ಳಿಯ ಕೆರೆ ಬಡಾವಣೆಯಾಯಿತು, ಕಾಮಾಕ್ಷಿಪಾಳ್ಯದ ಕೆರೆ ಆಟದ ಮೈದಾನವಾಯಿತು. ಮಿಲ್ಲು, ಕಾರ್ಖಾನೆಗಳಲ್ಲಿ ದುಡಿಯಲು ಬಂದವರಿಗೆ ಮನೆ ಬೇಕಿತ್ತು, ಅವರ ಮಕ್ಕಳಿಗೆ ಶಾಲೆ ಬೇಕಿತ್ತು. ನಮ್ಮ ಶಾಲೆಯೂ ಹುಟ್ಟಿದ್ದು ಆ ಅಗತ್ಯದಿಂದಲೇ. ಆದ್ದರಿಂದ ಇದನ್ನು ಯಾರ ಮೇಲಿನ ದೂರಾಗಿ ಬರೆಯುತ್ತಿಲ್ಲ. ಹಳೆಯ ಪಹಣಿಯಲ್ಲಿ ಮರಗಳಿಗೂ ಒಂದು ಕಲಂ ಇದೆ. ಮರದ ಮೇಲಿದ್ದ ಜೀವಕ್ಕೆ ಇಲ್ಲ. ಲೆಕ್ಕದಲ್ಲಿ ಇಲ್ಲದ್ದು ಹೋದಾಗ ಹೋಯಿತೆಂದು ತಿಳಿಯುವುದೂ ಇಲ್ಲ.

ನನ್ನ ಉತ್ತರದ ತಪ್ಪು ಇರುವುದು ಇಲ್ಲಿಯೇ. ಕಾಡುಪಾಪ ಕೋತಿಯಂತೆ ನೆಗೆಯುವುದಿಲ್ಲ. ಒಂದು ಕೊಂಬೆಯನ್ನು ಬಿಡುವ ಮೊದಲು ಇನ್ನೊಂದನ್ನು ಹಿಡಿಯಬೇಕು. ಎರಡು ಮರಗಳ ಕೊಂಬೆ ತಾಗದಿದ್ದರೆ ಅದಕ್ಕೆ ದಾರಿ ಮುಗಿಯಿತು. ನಡುವೆ ನಲವತ್ತು ಅಡಿ ರಸ್ತೆ ಬಂದರೆ ನೆಲಕ್ಕಿಳಿಯಬೇಕು. ನೆಲದಲ್ಲಿ ನಾಯಿ ಮತ್ತು ವಾಹನ, ಮೇಲೆ ಹೋದರೆ ವಿದ್ಯುತ್ ತಂತಿ. ಹೀಗಿರುವಾಗ ತೋಪು ಕಡಿದ ದಿನ ಅದು ಕಾಡಿಗೆ ಹೋಗುವುದೆಲ್ಲಿಂದ ಬಂತು? ಇದ್ದಲ್ಲೇ ಮುಗಿದುಹೋಗುತ್ತದೆ. "ಬೇರೆ ಕಡೆ ಹೋಗಿರುತ್ತೆ" ಎಂಬುದು ನಮ್ಮ ಸಮಾಧಾನಕ್ಕೆ ನಾವೇ ಹೇಳಿಕೊಂಡ ಮಾತು.

ಹಾಗಾದರೆ ಬೆಂಗಳೂರಿನಲ್ಲಿ ಕಾಡುಪಾಪ ಪೂರ್ತಿ ಇಲ್ಲವಾಯಿತೇ? ಇಲ್ಲ. ನಮ್ಮಿಂದ ಕೆಲವೇ ಕಿಲೋಮೀಟರ್ ದೂರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅದು ಕಂಡುಬಂದಿದೆ. 1909ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ಮೈಸೂರು ಸಂಸ್ಥಾನ ಕೊಟ್ಟದ್ದು 371 ಎಕರೆ. ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಯಲ್ಲೂ ಹೆಬ್ಬಾಳದ ಆಚೆಯ ಜಿಕೆವಿಕೆಯಲ್ಲೂ ಕಂಡಿದ್ದಾರೆ. 2014ರಲ್ಲಿ ಶುರುವಾದ ನಗರ ಕಾಡುಪಾಪ ಅಧ್ಯಯನದಲ್ಲಿ ಸಾಮಾನ್ಯ ನಾಗರಿಕರೂ ಸೇರಿ, ಅದರ ಕಣ್ಣಿಗೆ ನೋವಾಗದಂತೆ ಕೆಂಪು ಬೆಳಕಿನ ಟಾರ್ಚ್ ಹಿಡಿದು ರಾತ್ರಿ ಹುಡುಕಿದರು. ಅದು ಉಳಿದಿರುವ ಈ ಜಾಗಗಳಲ್ಲಿ ಸಮಾನವಾದದ್ದು ಒಂದೇ: ಹಳೆಯ ಮರಗಳು ಕೊಂಬೆಗೆ ಕೊಂಬೆ ತಾಗಿಕೊಂಡು ನಿಂತಿವೆ.

ಉಳಿಸಲು ದೊಡ್ಡ ಸಂಸ್ಥೆಯೇ ಆಗಬೇಕೆಂದೇನಿಲ್ಲ. ತುಮಕೂರು ಜಿಲ್ಲೆಯ ನಾಗವಲ್ಲಿ ಕಾಡುಪಾಪಕ್ಕೆ ಹೆಸರಾದ ಊರು. ಅಲ್ಲಿ ಈ ಪ್ರಾಣಿಯ ಬಗ್ಗೆ ಜನರ ಮನಸ್ಸು ತಿರುಗಿಸುವ ಕೆಲಸದಲ್ಲಿ ಮುಂದೆ ನಿಂತದ್ದು ನಮ್ಮದರಂತೆಯೇ ಒಂದು ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರು ಮತ್ತು ಮಕ್ಕಳು. ಪಕ್ಕದ ತಮಿಳುನಾಡು 2022ರಲ್ಲಿ ಕರೂರು, ದಿಂಡಿಗಲ್ ಜಿಲ್ಲೆಗಳ ಕಡವೂರಿನಲ್ಲಿ 11,806 ಹೆಕ್ಟೇರ್ ಪ್ರದೇಶವನ್ನು ಕಾಡುಪಾಪದ ಅಭಯಾರಣ್ಯವೆಂದು ಘೋಷಿಸಿತು. ದೂರದ ಬ್ರಿಟನ್ನಿನಲ್ಲಿ ಹೆಡ್ಜ್‌ಹಾಗ್ ಎಂಬ ಪುಟ್ಟ ಮುಳ್ಳುಮೈಯ ಪ್ರಾಣಿಯ ಪಾಡೂ ಇದೇ ಆಗಿತ್ತು. ಅಲ್ಲಿ 2011ರಿಂದ ಅಕ್ಕಪಕ್ಕದ ಮನೆಯವರು ಮಾತಾಡಿಕೊಂಡು ಕಾಂಪೌಂಡಿನ ಬುಡದಲ್ಲಿ 13 ಸೆಂಟಿಮೀಟರ್ ಅಗಲದ ಕಂಡಿ ಬಿಡತೊಡಗಿದರು, ಅದು ತೋಟದಿಂದ ತೋಟಕ್ಕೆ ಓಡಾಡಲೆಂದು.

ಒಂದು ಪ್ರಾಣಿ ಹೋದರೆ ನಮಗೇನು ನಷ್ಟ ಎಂದು ಕೇಳುವವರಿದ್ದಾರೆ. ಕಾಡುಪಾಪ ಇದ್ದ ಕಡೆ ಕೂಡಿಕೊಂಡ ಮರಗಳಿವೆ ಎಂದರ್ಥ. ಆ ಮರಗಳಲ್ಲೇ ಇಲಿ ಹಿಡಿಯುವ ಗೂಬೆ, ಅತ್ತಿ-ಆಲದ ಬೀಜ ಹರಡುವ ಬಾವಲಿ, ಕೀಟ ತಿನ್ನುವ ಹಕ್ಕಿಗಳು ಬದುಕುತ್ತವೆ. ಆ ನೆರಳೇ ನೆಲವನ್ನು ತಂಪಾಗಿಡುತ್ತದೆ, ಮಳೆನೀರನ್ನು ಇಂಗಿಸುತ್ತದೆ. ಜೀವವೈವಿಧ್ಯ ಎಂಬ ದೊಡ್ಡ ಮಾತಿನ ಅರ್ಥ ಇಷ್ಟೇ: ಇವು ಯಾವುವೂ ಒಂಟಿಯಾಗಿ ಉಳಿಯುವುದಿಲ್ಲ.

ಕಾನೂನಿನ ಬಲವೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಪಾಪವನ್ನು ಮೊದಲನೇ ಅನುಸೂಚಿಯಲ್ಲಿಟ್ಟಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನುಮತಿಯಿಲ್ಲದೆ ಮರ ಕಡಿಯದಂತೆ ತಡೆಯುತ್ತದೆ. ಆದರೆ ಕಾನೂನಿಗೆ ಕಣ್ಣಾಗಬೇಕಾದವರು ನಾವು. ಶಾಲೆಯ ಈ ಐವತ್ತನೇ ವರ್ಷದಲ್ಲಿ ನನ್ನದೊಂದು ಕೋರಿಕೆ: ಹಾಜರಿ ಪುಸ್ತಕದ ಜೊತೆಗೆ ಇನ್ನೊಂದು ಪುಸ್ತಕ ಇಡಿ. ನಮ್ಮ ಆವರಣದ, ನಮ್ಮ ಬೀದಿಗಳ ಮರ, ಹಕ್ಕಿ, ಅಳಿಲು, ಚಿಟ್ಟೆಗಳನ್ನು ಮಕ್ಕಳು ವರ್ಷವರ್ಷವೂ ಅದರಲ್ಲಿ ಬರೆಯಲಿ. ಹೊಸ ಸಸಿ ನೆಡುವಾಗ ಮುಂದೊಂದು ದಿನ ಅದರ ಕೊಂಬೆ ಪಕ್ಕದ ಮರಕ್ಕೆ ತಾಗುವಂತೆ ನೆಡಿ.

ಅಂದು ಪ್ರಶ್ನೆ ಕೇಳಿದ ಹುಡುಗಿ ಇಂದು ಮಕ್ಕಳ ತಾಯಿಯಾಗಿರಬಹುದು. ಈ ಸಂಚಿಕೆ ಅವಳ ಕೈ ಸೇರಲೂಬಹುದು. ಅಮ್ಮಾ, ಅದು ಕಾಡಿಗೆ ಹೋಗಲಿಲ್ಲ. ಹೋಗಲು ನಾವು ದಾರಿ ಉಳಿಸಿರಲಿಲ್ಲ. ನಿನ್ನ ಪ್ರಶ್ನೆ ಸರಿಯಾಗಿತ್ತು, ತಪ್ಪಿದ್ದು ನನ್ನ ಉತ್ತರ.