ಲಾರ್ಡ್ ವಿಲಿಯಂ ಬೆಂಟಿಂಕ್ ಮತ್ತು ಮೈಸೂರು ಸೀಮೆ

ನಮ್ಮ ಮಂಡಕಳ್ಳಿಯ ಮಗ್ಗುಲಲ್ಲಿ ನಂಜನಗೂಡಿಗೆ ಸಾಗುವ ಹೆದ್ದಾರಿಯು ಮುಂದೆ ನೀಲಗಿರಿಯನ್ನು ಮುಟ್ಟುತ್ತದೆ. 1834ರಲ್ಲಿ ಮೈಸೂರನ್ನು ಕಂಡು ಉದಕಮಂಡಲದಲ್ಲಿ ಬೀಡುಬಿಟ್ಟಿದ್ದ ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕರ ಚರಿತ್ರೆಯನ್ನು ಈ ಶತಮಾನೋತ್ಸವದ ಸಂದರ್ಭದಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

1774ರಲ್ಲಿ ಜನಿಸಿದ ಬೆಂಟಿಂಕರು, ಎರಡು ಬಾರಿ ಬ್ರಿಟನ್ನಿನ ಪ್ರಧಾನಿಯಾಗಿದ್ದ ಪೋರ್ಟ್‌ಲೆಂಡಿನ ಮೂರನೆಯ ಡ್ಯೂಕರ ದ್ವಿತೀಯ ಪುತ್ರರು. ಮೂವತ್ತು ತುಂಬುವ ಮುನ್ನವೇ, 1803ರಲ್ಲಿ, ಮದರಾಸಿನ ಗವರ್ನರರಾದರು. ಸಿಪಾಯಿಗಳು ಹಣೆಗೆ ನಾಮ, ವಿಭೂತಿ ಧರಿಸಬಾರದು, ಹೊಸ ಬಗೆಯ ಟೋಪಿ ತೊಡಬೇಕು ಎಂಬ ಸೇನಾಜ್ಞೆಯಿಂದ 1806ರ ಜುಲೈ 10ರಂದು ವೆಲ್ಲೂರಿನಲ್ಲಿ ದಂಗೆಯೆದ್ದಿತು. ಟಿಪ್ಪು ಸುಲ್ತಾನನ ಮಕ್ಕಳು ಆ ಕೋಟೆಯಲ್ಲಿಯೇ ಬಂಧನದಲ್ಲಿದ್ದರು. ಫಲವಾಗಿ ಬೆಂಟಿಂಕರನ್ನು 1807ರಲ್ಲಿ ಹಿಂದಕ್ಕೆ ಕರೆಸಿಕೊಳ್ಳಲಾಯಿತು.

ಅವರ ಮದರಾಸು ಸರ್ಕಾರವು ಮೈಸೂರು ಸೀಮೆಯಲ್ಲಿ ಧರ್ಮಸೇವೆ ಮಾಡುತ್ತಿದ್ದ ಫ್ರೆಂಚ್ ಗುರು ಅಬ್ಬೆ ದುಬುವಾ ಅವರ, ಹಿಂದೂ ಆಚಾರವಿಚಾರಗಳನ್ನು ಕುರಿತ ಹಸ್ತಪ್ರತಿಯನ್ನು 2,000 ವರಹಗಳಿಗೆ ಕೊಂಡುಕೊಂಡಿತು. ಆ ಗ್ರಂಥದ ಬಹುಭಾಗವು ಅವರಿಗಿಂತ ಹಿಂದಿನ ಯೇಸುಸಭೆಯ ಗುರು ಕ್ಯೂರ್ದು ಅವರ ಬರಹವನ್ನು ಆಧರಿಸಿದ್ದೆಂದು ಈಚಿನ ಸಂಶೋಧನೆ ತೋರಿಸಿದೆ. ಸತ್ಯಕ್ಕಾಗಿ ಇದನ್ನೂ ಹೇಳಬೇಕು.

1828ರಲ್ಲಿ ಗವರ್ನರ್ ಜನರಲ್ಲರಾಗಿ ಮರಳಿ ಬಂದ ಬೆಂಟಿಂಕರು 1829ರಲ್ಲಿ ಸತೀಪದ್ಧತಿಯನ್ನು ನಿಷೇಧಿಸಿ ಕೀರ್ತಿಗೆ ಪಾತ್ರರಾದರು. ಆದರೆ ನಗರದ ರೈತರ ದಂಗೆಯ ತರುವಾಯ, ದುರಾಡಳಿತದ ಆರೋಪ ಹೊರಿಸಿ, ಕಂಪನಿಗೆ ಸಲ್ಲಬೇಕಾದ ಪೊಗದಿಗೆ ಅಪಾಯವಿದೆಯೆಂದು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ರಾಜ್ಯಾಡಳಿತವನ್ನೇ ಕಿತ್ತುಕೊಂಡವರೂ ಅವರೇ. ಬಳಿಕ ನೇಮಿಸಿದ ವಿಚಾರಣಾ ಸಮಿತಿಯ ವರದಿಯನ್ನು ಓದಿ, ಮಹಾರಾಜರನ್ನು ಕಣ್ಣಾರೆ ಕಂಡ ಮೇಲೆ, ಪೊಗದಿಗೆ ತಕ್ಷಣದ ಅಪಾಯವೇನೂ ಇರಲಿಲ್ಲವೆಂದು ಅವರು ಒಪ್ಪಿಕೊಂಡರು. ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸಬೇಕೆಂದು ಸೂಚಿಸಿದರು. ಲಂಡನ್ನಿನ ಡೈರೆಕ್ಟರುಗಳು ಅದಕ್ಕೆ ಸಮ್ಮತಿಸಲಿಲ್ಲ. 1835ರಲ್ಲಿ ಭಾರತವನ್ನು ಬಿಟ್ಟ ಬೆಂಟಿಂಕರು 1839ರಲ್ಲಿ ಪ್ಯಾರಿಸಿನಲ್ಲಿ ನಿಧನರಾದರು.

ಮುಮ್ಮಡಿಯವರು ಅಧಿಕಾರ ಮರಳುವುದನ್ನು ಕಾಣದೆಯೇ 1868ರಲ್ಲಿ ತೀರಿಕೊಂಡರು. ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರ ಕೈಗೆ ರಾಜ್ಯ ಹಿಂದಿರುಗಿದ್ದು 1881ರ ಮಾರ್ಚ್ 25ರಂದು. ಅಷ್ಟರಲ್ಲಿ ಐವತ್ತು ವರ್ಷಗಳೇ ಸಂದಿದ್ದವು.

ವಿಧವೆಯರನ್ನು ಚಿತೆಯಿಂದ ಉಳಿಸಿದ ಲೇಖನಿಯೇ ವಿಚಾರಣೆಗೆ ಮೊದಲು ತೀರ್ಪನ್ನೂ ಬರೆಯಿತು. ತಪ್ಪನ್ನು ಒಪ್ಪಿಕೊಳ್ಳುವ ದೊಡ್ಡತನ ಬೆಂಟಿಂಕರಲ್ಲಿತ್ತು. ತಿದ್ದುವ ಅಧಿಕಾರ ಮಾತ್ರ ಆಗ ಅವರ ಕೈಮೀರಿತ್ತು. ಅಧಿಕಾರದಲ್ಲಿರುವವರು, ನಾವೂ ಸೇರಿದಂತೆ, ಇದನ್ನು ಮರೆಯಲಾಗದು.